ಗಾಡಿಗೆ ಉದಾಸೀನವಾ?

ಅವರು ಹೋದ ಸುದ್ದಿ ನನಗೆ ತಿಳಿದದ್ದು ಹದಿನೈದು ದಿನ ತಡವಾಗಿ. ಮೌಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿದು ಎದ್ದಾಗ, ಗಲ್ಲಾದ ಮೇಲೆ ಕೂತಿದ್ದವರು ಚಿಲ್ಲರೆ ಎಣಿಸುತ್ತಾ, "ನಿಮ್ಮ ಗಾಡಿ ನೋಡ್ತಿದ್ದವ್ರು ತೀರಿಕೊಂಡ್ರಲ್ಲ ಅಮ್ಮ, ಗೊತ್ತಾಗ್ಲಿಲ್ವಾ?" ಎಂದರು. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಊರಿಗೆಲ್ಲ ಹೇಳಿ ನನಗೆ ಹೇಳಬಾರದೇ? ಅದೇ ಸಿಟ್ಟಿನಲ್ಲಿ ಹೊರಗೆ ಬಂದು ಗಾಡಿಯಲ್ಲಿ ಕೂತೆ. ಕೀಲಿ ತಿರುಗಿಸಬೇಕು ಅನ್ನುವಾಗ ಎದುರಿನ ರಸ್ತೆಯೇ ಕಾಣಲಿಲ್ಲ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಹಿಂದಿನ ಟ್ಯಾಕ್ಸಿಯವನ ಹಾರನ್ನಿಗೆ ಬೈದುಕೊಂಡು, ಹಾಗೇ ಸ್ವಲ್ಪ ಹೊತ್ತು ಅತ್ತೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹೇಳಿದರೆ ಊರು ಕೇಳುತ್ತೀರಿ, ಊರು ಹೇಳಿದರೆ ಜಾತಿ ಕೇಳುತ್ತೀರಿ. ನಮ್ಮಜ್ಜಿ ಪರಿಚಯವಾದ ಮೇಲೆ ಒಂದು ದಿನ ಕೇಳಿಯೇಬಿಟ್ಟಿದ್ದಳು. "ನೀವು ಯಾರ ಪೈಕಿ?" ಅಂತ. ಅವರು ಮೊಣಕೈವರೆಗೆ ಕಪ್ಪಾಗಿದ್ದ ಎರಡೂ ಕೈ ಎತ್ತಿ ತೋರಿಸಿ, "ನಮ್ಮದು ಗ್ರೀಸ್ ಪೈಕಿ ಅಮ್ಮ" ಎಂದರು. ಅಜ್ಜಿಗೆ ಆ ಪೈಕಿ ಯಾವುದೆಂದು ಬಹಳ ಹೊತ್ತು ಹೊಳೆಯಲಿಲ್ಲ. ಒಳಗೆ ಬಂದು ನನ್ನನ್ನು, "ಗಿರೀಸ್ ಅಂದ್ರೆ ಕೊಂಕಣದ ಕಡೆಯೋರೇನೇ?" ಎಂದು ಕೇಳಿದಳು.

ದಕ್ಷಿಣ ಕನ್ನಡದ ಕಡೆಯವರು. ಹದಿನೆಂಟರಲ್ಲಿ ಮದರಾಸಿಗೆ ಬಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಹೋಟೆಲಿನ ಸಾಹುಕಾರರ ಗಾಡಿ ಒಂದು ದಿನ ಬಾಗಿಲ ಮುಂದೆಯೇ ಕೆಟ್ಟು ನಿಂತಿತಂತೆ. ಇವರು ಹೊರಗೆ ಬಂದು ಕಿವಿಗೊಟ್ಟು ಕೇಳಿ, "ಕಾವಲಿ ಕಾದಿಲ್ಲ, ಹಿಟ್ಟು ಹೊಯ್ದಿದ್ದೀರಿ" ಎಂದರಂತೆ. ಅಂದರೆ ಎಂಜಿನ್ ಬಿಸಿಯಾಗುವ ಮೊದಲೇ ಪೆಟ್ರೋಲು ಸುರಿದಿದೆ ಎಂದು. ಅದು ನಿಜವೇ ಆಗಿತ್ತು. ಸಾಹುಕಾರರು ಅವತ್ತೇ ಕಾವಲಿ ಬಿಡಿಸಿ ವರ್ಕ್‌ಶಾಪಿಗೆ ಸೇರಿಸಿದರು. ಇದು ಅವರೇ ಹೇಳಿದ ಕಥೆ. ಎಷ್ಟು ನಿಜ, ಎಷ್ಟು ಒಗ್ಗರಣೆ, ನಾನು ವಿಚಾರಿಸಲು ಹೋಗಲಿಲ್ಲ.

ಹೋಟೆಲು ಬಿಟ್ಟರೂ ಹೋಟೆಲಿನ ಮಾತು ಅವರನ್ನು ಬಿಡಲಿಲ್ಲ. ಬೇರೆ ಮೆಕ್ಯಾನಿಕ್ಕುಗಳು "ಪಿಕಪ್ ಇಲ್ಲೆ ಸಾರ್" ಎನ್ನುತ್ತಿದ್ದ ಕಡೆ ಇವರು, "ಗಾಡಿಗೆ ಉದಾಸೀನವಾ?" ಎಂದು ಕೇಳುತ್ತಿದ್ದರು. ಅವರ ಸೀಮೆಯಲ್ಲಿ ಉದಾಸೀನ ಅಂದರೆ ಸೋಮಾರಿತನ. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಮೂರು ತಲೆಮಾರು ಕಳೆದ ನಮ್ಮ ಮನೆಯಲ್ಲಿ ಉದಾಸೀನ ಅಂದರೆ ಅಲಕ್ಷ್ಯ. ಅಪ್ಪ, "ಅಲ್ಲಪ್ಪಾ, ಗಾಡಿಯನ್ನ ನಾವು ಉದಾಸೀನ ಮಾಡಿಲ್ಲ, ತಿಂಗಳು ತಿಂಗಳು ಆಯಿಲ್ ಬದಲಾಯಿಸ್ತಾ ಇದ್ದೀವಿ" ಎಂದು ಕೋರ್ಟಿನಲ್ಲಿ ನಿಂತವರ ಹಾಗೆ ವಾದಿಸಿದರು. ಅವರು ನಕ್ಕು, "ನಿಮ್ಮ ಉದಾಸೀನ ಅಲ್ಲ ವಕೀಲ್ರೇ, ಅದರ ಉದಾಸೀನ" ಎಂದರು.

ಉದಾಸೀನದಲ್ಲಿ ಅವರು ಮೂರು ಬಗೆ ಕಂಡಿದ್ದರು. ಪೆಟ್ರೋಲು ಸಾಲದಿದ್ದರೆ ಹಸಿವು, ಹೆಚ್ಚಾದರೆ ಅಜೀರ್ಣ, ಹೊಗೆಕೊಳವೆ ಕಟ್ಟಿದ್ದರೆ ಅವರು ಕನ್ನಡದಲ್ಲಿ ಹೇಳುತ್ತಿದ್ದ ಪದವನ್ನು ನಾನು ಇಲ್ಲಿ ಬರೆಯಲಾರೆ. ಒಂದು ಉದ್ದನೆಯ ಮರದ ಸೌಟು ಅವರ ಚೀಲದಲ್ಲಿ ಸದಾ ಇರುತ್ತಿತ್ತು. ಅದರ ತಲೆಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯ ತುದಿಯನ್ನು ಕಿವಿಗೆ ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ನೋಡುವವರಿಗೆ ಸಾಂಬಾರಿನ ಉಪ್ಪು ನೋಡುತ್ತಿದ್ದಾರೋ ಅನ್ನಿಸುತ್ತಿತ್ತು.

ಮೈಲಾಪುರದ ಒಬ್ಬ ಡಾಕ್ಟರ ಗಾಡಿ ನಾಲ್ಕು ಮೈಲಿ ಓಡಿ ಸುಸ್ತಾಗಿ ನಿಲ್ಲುತ್ತಿತ್ತು, ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತಿತ್ತು. ಯಾರು ಯಾರೋ ಬಂದು ಪಂಪು ಬಿಚ್ಚಿ, ಪೈಪು ಊದಿ ಹೋಗಿದ್ದರು. ಇವರು ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ಸ್ ಎಂದು ಗಾಳಿ ಒಳಗೆ ಹೋಯಿತು. "ಆಯುಧಪೂಜೆ ಜೋರಾಗಿ ಮಾಡಿದ್ರಾ?" ಎಂದು ಕೇಳಿದರು. ಮಾಡಿದ್ದರು. ಮುಚ್ಚಳದ ನಡುವೆ ಗಾಳಿಯಾಡಲು ಇರುವ ಸಣ್ಣ ತೂತಿನ ಮೇಲೆ ಡಾಕ್ಟರ ಹೆಂಡತಿ ಭಕ್ತಿಯಿಂದ ಗಂಧ ಕುಂಕುಮ ಮೆತ್ತಿದ್ದರು. "ಹಣೆಗೆ ಇಡಿ ಅಮ್ಮ, ಮೂಗಿಗೆ ಇಡ್ಬೇಡಿ" ಎಂದು ಹೇಳಿ, ಪಿನ್ನಿನಲ್ಲಿ ತೂತು ಬಿಡಿಸಿ, ಕಾಫಿ ಕುಡಿದು ಬಂದರು.

ಬೀದಿಯಲ್ಲಿ ಯಾರ ಗಾಡಿಯಾದರೂ ಕೆಮ್ಮಿದರೆ ನಿಂತುಬಿಡುವ ಸ್ವಭಾವ ಅವರದು. ಹೆಂಡತಿಯ ಜೊತೆ ಪಾರ್ಥಸಾರಥಿ ದೇವಸ್ಥಾನಕ್ಕೆ ಹೊರಟವರು ದಾರಿಯಲ್ಲಿ ಒಂದು ಟ್ಯಾಕ್ಸಿಯ ಕೆಳಗೆ ಮಲಗಿ, ಮಂಗಳಾರತಿ ಮುಗಿದ ಮೇಲೆ ಎದ್ದದ್ದನ್ನು ನಾನೇ ಕಂಡಿದ್ದೇನೆ. ಆ ತಾಯಿ ಹಣ್ಣು ಕಾಯಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು, ಪಾವಂ. "ಇವ್ರಿಗೆ ಗಾಡಿ ಕಂಡ್ರೆ ದೇವ್ರೂ ಬೇಡ" ಎಂದರು ನನ್ನ ಹತ್ತಿರ. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ.

ಇನ್ನು ನನ್ನ ವಿಷಯ. ಏಳೆಂಟು ವರ್ಷದ ಹಿಂದಿನ ಮಾತು, ನನಗಾಗ ಇಪ್ಪತ್ತೆರಡು. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ, ನಾನು. ಅಪ್ಪ ಹೈಕೋರ್ಟಿನಲ್ಲಿ ವಕೀಲರು. ಅವರಿಗೆ ಕಣ್ಣಿನಲ್ಲಿ ಪೊರೆ ಬಂದು ಗಾಡಿ ಓಡಿಸುವುದು ನಿಂತಿತು. ಡ್ರೈವರುಗಳು ಒಬ್ಬರೂ ಅವರ ಕೋಪಕ್ಕೆ ತಾಳಲಿಲ್ಲ. ಬೇರೆ ದಾರಿಯಿಲ್ಲದೆ ನನಗೆ ಓಡಿಸಲು ಕಲಿಸಿದರು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಇಂಗ್ಲಿಷ್ ಗಾಡಿ ಅದು, ಆನೆಯಷ್ಟು ಭಾರ, ಮೈತುಂಬ ಚರ್ಮದ ಸೀಟು. ಬೆಳಿಗ್ಗೆ ಅಪ್ಪನನ್ನು ಕೋರ್ಟಿಗೆ ಬಿಟ್ಟು, ಸಂಜೆ ಕರೆತರುವುದು ನನ್ನ ಕೆಲಸ. ನಡುವಿನ ಹೊತ್ತು ಅಲ್ಲೇ ಪ್ಯಾರೀಸ್ ಕಾರ್ನರಿನ ಒಂದು ಮಾಳಿಗೆಯ ಮೇಲೆ ಟೈಪಿಂಗು, ಶಾರ್ಟ್‌ಹ್ಯಾಂಡು ಕ್ಲಾಸಿಗೆ ಹೋಗುತ್ತಿದ್ದೆ. ಹೇಗೂ ಕಾಯಬೇಕಲ್ಲ ಎಂದು ಅಪ್ಪ ಒಪ್ಪಿದ್ದರು. ಗಾಡಿ ಇಲ್ಲದಿದ್ದರೆ ಕಾಯುವುದಿಲ್ಲ, ಕಾಯದಿದ್ದರೆ ಕ್ಲಾಸಿಲ್ಲ. ಆ ಗಾಡಿಯೇ ನನಗೆ ಬಾಗಿಲು.

ಆದರೆ ನಾನು ಕೈಯಿಟ್ಟಂದಿನಿಂದ ಗಾಡಿ ಎಳೆಯುತ್ತಿರಲಿಲ್ಲ. ಸಮತಟ್ಟಾದ ಬೀಚ್ ರೋಡಿನಲ್ಲಿ ಹೇಗೋ ಹೋಗುತ್ತಿತ್ತು. ಕೂವಂ ನದಿಯ ಸೇತುವೆ ಬಂದರೆ ಮುಗಿಯಿತು. ಸೇತುವೆಯ ಏರಾದರೂ ಎಂಥದ್ದು? ಸೈಕಲ್ಲಿನವರು ಮಾತಾಡಿಕೊಂಡು ಹತ್ತುತ್ತಾರೆ. ನಮ್ಮ ಗಾಡಿ ಮಾತ್ರ ತುಂಬಿದ ಬಸುರಿಯ ಹಾಗೆ ಉಸಿರುಬಿಡುತ್ತಾ ತೆವಳುತ್ತಿತ್ತು. ಹಿಂದಿನ ಬಸ್ಸಿನವನು ತಲೆ ಹೊರಗೆ ಹಾಕಿ, "ಅಮ್ಮಾ, ಎಳನೀರು ಕೊಡುಂಗಮ್ಮಾ ವಂಡಿಕ್ಕು!" ಎಂದು, ಗಾಡಿಗೆ ಎಳನೀರು ಕುಡಿಸಲು ಕೂಗಿ ಹೇಳುತ್ತಿದ್ದ. ಹಿಂದಿನ ಸೀಟಿನಲ್ಲಿ ಅಪ್ಪ ಹಲ್ಲು ಕಡಿಯುವುದು ನನಗೆ ಕೇಳಿಸುತ್ತಿತ್ತು.

ಮೂರು ಮೆಕ್ಯಾನಿಕ್ಕುಗಳು ಬಂದರು. ಮೂವರೂ ನನ್ನನ್ನು ಇಳಿಯಲು ಹೇಳಿ, ತಾವೇ ಓಡಿಸಿ ನೋಡಿ, ಒಂದೇ ತೀರ್ಪು ಕೊಟ್ಟರು. "ವಂಡಿ ನಲ್ಲಾ ಇರುಕ್ಕು ಸಾರ್. ಪಾಪ್ಪಾ ಓಟ್ಟುರದುದಾನ್ ಸರಿಯಿಲ್ಲೆ." ಗಾಡಿ ಚೆನ್ನಾಗಿದೆ, ಹುಡುಗಿ ಓಡಿಸುವುದೇ ಸರಿಯಿಲ್ಲ. ಅವರ ಕೈಯಲ್ಲಿ ಅದು ಕುದುರೆಯ ಹಾಗೆ ಓಡುತ್ತಿತ್ತು, ನಾನೇ ಗೇಟಿನಲ್ಲಿ ನಿಂತು ನೋಡಿದ್ದೆ. ಮೂರನೆಯವನು ಹೋದ ಮೇಲೆ ಅಪ್ಪ ನನ್ನ ಮುಖ ನೋಡದೆ, "ಸರಿ, ಗಾಡಿ ಕೊಟ್ಟುಬಿಡೋಣ. ಇನ್ಮೇಲೆ ಕೋರ್ಟೂ ಸಾಕು" ಎಂದರು. ಕಾಗದದ ಮಂಡಿಯವರೊಬ್ಬರು ಶುಕ್ರವಾರ ನೋಡಲು ಬರುವುದೆಂದು ಗೊತ್ತಾಯಿತು. ನನಗೇ ನನ್ನ ಕಾಲಿನ ಮೇಲೆ ಅನುಮಾನ ಬಂದುಬಿಟ್ಟಿತ್ತು. ಕಚ್ಚೆ ಕಟ್ಟಿದವರಿಗೆ ಓಡುವ ಗಾಡಿ ಸೀರೆ ಉಟ್ಟವಳಿಗೆ ಯಾಕೆ ಓಡುವುದಿಲ್ಲ ಎಂದು ಬಚ್ಚಲಲ್ಲಿ ಕೂತು ಅತ್ತಿದ್ದೇನೆ.

ಮಾರುವ ಮೊದಲು ಒಮ್ಮೆ ತೋರಿಸಿ ಎಂದು ಯಾರೋ ಹೇಳಿ ಅಪ್ಪ ಇವರನ್ನು ಕರೆಸಿದರು. ಶುಕ್ರವಾರ ಬೆಳಿಗ್ಗೆ ಬಂದರು. ಬಾನೆಟ್ಟು ಎತ್ತಲಿಲ್ಲ, ಸೌಟು ತೆಗೆಯಲಿಲ್ಲ. ನನ್ನ ಕಡೆ ನೋಡಿ, "ಓಡಿಸುವವ್ರು ನೀವಾ? ಕೂತ್ಕೊಳ್ಳಿ ತಂಗಿ. ದಿನಾ ಹೇಗೆ ಹೋಗ್ತೀರೋ ಹಾಗೆ ಹೋಗುವ" ಎಂದು ಪಕ್ಕದಲ್ಲಿ ಕೂತರು.

ಹೊರಟೆವು. ಸೇತುವೆ ಹತ್ತಿರ ಬರುತ್ತಿದ್ದ ಹಾಗೆ ಎಂದಿನಂತೆ ಆಕ್ಸಿಲರೇಟರನ್ನು ಒತ್ತಿ ಹಿಡಿದೆ. ಗಾಡಿ ಮಾತ್ರ ಏರನ್ನು ಏರು ಎಂದೇ ಎಣಿಸದೆ ಸುಯ್ಯೆಂದು ಹತ್ತಿ ಆಚೆ ಇಳಿಯಿತು. ನನಗೆ ನಂಬಿಕೆಯೇ ಬರಲಿಲ್ಲ.

"ದಿನಾ ಹೀಗೇ ಹತ್ತುದಾ?" ಎಂದು ಕೇಳಿದರು.

"ಇಲ್ಲ, ಸತ್ಯವಾಗಿಯೂ ಇಲ್ಲ! ಇವತ್ತು ಏನೋ ಆಗಿದೆ ಇದಕ್ಕೆ."

"ಗಾಡಿಗೆ ಎಂತದೂ ಆಗ್ಲಿಲ್ಲ. ದಿನಾ ಇದ್ದದ್ದು ಇವತ್ತು ಎಂತ ಇಲ್ಲ? ನಿಧಾನ ಯೋಚನೆ ಮಾಡಿ ಹೇಳಿ. ನಿಮಗೇ ಗೊತ್ತಿರ್ತದೆ."

ಆವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಯೋಚಿಸಿದೆ. ಅಪ್ಪ ಇಲ್ಲ, ಅಪ್ಪನ ಫೈಲುಗಳಿಲ್ಲ. ಆಮೇಲೆ ನನ್ನ ಕಾಲು ನೋಡಿಕೊಂಡೆ. "ಧಾಬಳಿ ಇಲ್ಲ" ಎಂದೆ.

ಧಾಬಳಿ ಅಂದರೆ ನಮ್ಮ ಮಡಿಯವರ ಮನೆಗಳಲ್ಲಿ ಇರುವ ಉಣ್ಣೆಯ ವಸ್ತ್ರ. ಒಗೆಯದಿದ್ದರೂ ಅದು ಮಡಿಯೇ. ನಾನು ಚರ್ಮದ ಸೀಟಿನಲ್ಲಿ ಕೂತು, ಕಂಡಕಂಡವರು ತುಳಿದ ರಬ್ಬರಿನ ಮೇಲೆ ಕಾಲಿಟ್ಟು, ಆಮೇಲೆ ಅಡುಗೆಮನೆಗೆ ಬರುವುದು ಅಜ್ಜಿಗೆ ಆಗುತ್ತಿರಲಿಲ್ಲ. ಅದಕ್ಕೇ ಮೊದಲ ದಿನದಿಂದ ಒಂದು ಹಳೆಯ ಧಾಬಳಿಯನ್ನು ಸೀಟಿನ ಬೆನ್ನಿನಿಂದ ಇಳಿಬಿಟ್ಟು, ಮಿಕ್ಕ ಉದ್ದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕಾಲಡಿಗೆ ಹಾಸುತ್ತಿದ್ದಳು. ಅದರ ಮೇಲೆ ಬರಿಗಾಲಿಟ್ಟು ನಾನು ಓಡಿಸುವುದು. ಮೆಕ್ಯಾನಿಕ್ಕು ಬಂದರೆ ಅವನ ಮೈಲಿಗೆ ತಾಗೀತೆಂದು, "ತೆಗಿಯೇ, ತೆಗಿಯೇ" ಎಂದು ಓಡಿಬಂದು ಅದನ್ನು ಎತ್ತಿಸಿ ಒಳಗೆ ಒಯ್ಯುತ್ತಿದ್ದಳು. ಇವರು ಬರುವಾಗಲೂ ಒಯ್ದಿದ್ದಳು. ಆಕ್ಸಿಲರೇಟರನ್ನು ಪೂರ್ತಿ ತುಳಿಯುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಪೆಡಲಿನ ಕೆಳಗೆ ಸೇರಿದ ನಾಲ್ಕು ಮಡಿಕೆಯ ಉಣ್ಣೆ ಅದನ್ನು ಅರ್ಧದಲ್ಲೇ ತಡೆಯುತ್ತಿತ್ತು. ಪೂರ್ತಿ ತುಳಿಯುವುದು ಹೇಗಿರುತ್ತದೆಂದು ನನಗೆ ಗೊತ್ತಿದ್ದರೆ ತಾನೇ?

ನನಗೆ ಸಂತೋಷಕ್ಕಿಂತ ರೋಷ ಬಂತು. "ನಡೀರಿ, ಈಗಲೇ ಹೋಗಿ ಅಪ್ಪನಿಗೆ ಹೇಳಿ. ಆರು ತಿಂಗಳಿಂದ ಎಲ್ಲರ ಬಾಯಲ್ಲೂ ನಾನೇ ಅಪರಾಧಿ!"

"ಹೇಳುವ," ಎಂದರು. "ಆದ್ರೆ ಅಮ್ಮನವ್ರನ್ನು ಬಿಟ್ಟು ಹೇಳ್ಲಿಕ್ಕಾಗ್ತದಾ? ಅವರನ್ನೂ ಒಂದು ರೌಂಡ್ ಕರ್ಕೊಂಡು ಬರುವ."

ಮನೆಗೆ ತಿರುಗಿದೆವು. ಅಜ್ಜಿ ಅದುವರೆಗೆ ಗಾಡಿ ಹತ್ತಿದವಳಲ್ಲ. ಅವರು ಹೊರಗೆ ನಿಂತೇ, "ಹಿಂದೆ ಯಾರಾದ್ರೂ ಕೂರದೆ ಪರೀಕ್ಷೆ ಪೂರ್ತಿ ಆಗುದಿಲ್ಲ ಅಮ್ಮ. ನಿಮ್ಮ ಧಾಬಳಿ ದಿನದ ಹಾಗೆ ಹಾಸಿ, ನಾನು ಮುಟ್ಟುದಿಲ್ಲ. ನೀವೂ ಇನ್ನೊಂದು ಹಾಸಿ ಕೂತ್ಕೊಳ್ಳಿ" ಎಂದರು. ಅಜ್ಜಿ ಛೇ, ಥೂ, ಈ ವಯಸ್ಸಲ್ಲೇ ಎಂದಳು. ಎನ್ನುತ್ತಲೇ ಇನ್ನೊಂದು ಧಾಬಳಿ ತಂದಳು. ಅವಳಿಗೆ ಗಾಡಿ ಹತ್ತುವ ಆಸೆ ಎಷ್ಟಿತ್ತೆಂದು ನನಗೆ ತಿಳಿದದ್ದೇ ಆ ಹೊತ್ತಿನಲ್ಲಿ. ಇವರು ಮುಂದೆ, ಬಾಗಿಲಿಗೆ ಅಂಟಿಕೊಂಡು, ನನ್ನ ಧಾಬಳಿಗೆ ತಾಗದ ಹಾಗೆ ಕೂತರು.

ಮೊದಲ ಸುತ್ತಿನಲ್ಲಿ ಗಾಡಿ ಎಂದಿನಂತೆ ತೆವಳಿತು. ಸೇತುವೆಯ ನೆತ್ತಿಯಲ್ಲಿ ಒಬ್ಬ ಕೈಗಾಡಿಯವನು ನಮ್ಮನ್ನು ದಾಟಿ ಹೋದ. ಅಜ್ಜಿ, "ಏನೇ ಇದು, ಇಷ್ಟು ಮೆಲ್ಲಗಾ?" ಎಂದಳು. ಆಚೆ ಇಳಿದು ತಿರುಗಿಸಿ ನಿಲ್ಲಿಸಿದೆವು. ಇವರು ಹಿಂದಕ್ಕೆ ತಿರುಗಿ, "ಅಮ್ಮ, ತಂಗಿಯ ಕಾಲಡಿಯ ಮಡಿಕೆ ಸ್ವಲ್ಪ ಮೇಲೆ ತೆಗೀಲಿಕ್ಕೆ ನೀವೇ ಹೇಳ್ತೀರಾ?" ಎಂದು ಕೇಳಿದರು. ಅಜ್ಜಿ ಹೇಳಿದಳು. ನಾನು ತೆಗೆದೆ. ಈ ಸಲ ಗಾಡಿ ಏರು ಹತ್ತಿದ ರಭಸಕ್ಕೆ ಅಜ್ಜಿ ಹಿಂದೆ ಒರಗಿ, "ಅಯ್ಯೋ ಕೃಷ್ಣಾ!" ಎಂದಳು. ನಮ್ಮಜ್ಜಿ ದಡ್ಡಿಯಲ್ಲ, ಎಲ್ಲಾ ಅರ್ಥವಾಗಿತ್ತು.

ಬೀಚ್ ರೋಡಿನಲ್ಲಿ ನಿಧಾನವಾಗಿ ಬರುವಾಗ ಅವರು, ಯಾರನ್ನೂ ನೋಡದೆ, ಸಮುದ್ರದ ಕಡೆ ಮುಖ ಮಾಡಿ ಹೇಳತೊಡಗಿದರು. "ನಾನು ಹೊಸತರಲ್ಲಿ ಒಂದು ಕಂಪನಿಯ ಗಾಡಿ ನೋಡ್ಲಿಕ್ಕೆ ಹೋಗಿದ್ದೆ ಅಮ್ಮ. ಇದೇ ಉದಾಸೀನ. ಡ್ರೈವರನ್ನು ಇಳಿಸಿ ನಾನೇ ಓಡಿಸಿದೆ. ಗಾಡಿ ಫಸ್ಟ್ ಕ್ಲಾಸ್. ಗಾಡಿ ಸರಿ ಉಂಟು, ಡ್ರೈವರ್ ಸರಿ ಇಲ್ಲ ಅಂತ ದೊರೆಗೆ ಹೇಳಿ ಬಂದೆ. ಅವತ್ತೇ ಅವನ ಕೆಲಸ ಹೋಯ್ತು. ತಿಂಗಳಾದ ಮೇಲೆ ಹೊಸ ಡ್ರೈವರಿಗೂ ಅದೇ ದೂರು. ಹೋಗಿ ನೋಡ್ತೇನೆ, ಕಂಪನಿ ಕೊಟ್ಟ ಬೂಟ್ಸು! ಎರಡು ಸೈಜು ದೊಡ್ಡದು. ಮುಂದಿನ ತುದಿ ಮೇಲಿನ ತಗಡಿಗೆ ಸಿಕ್ಕಿ ಕಾಲು ಕೆಳಗೆ ಹೋಗುದೇ ಇಲ್ಲ. ನಾನು ಬರಿಗಾಲಲ್ಲಿ ಓಡಿಸಿದವ, ನನಗೆಲ್ಲಿ ಗೊತ್ತಾಗ್ಬೇಕು?"

"ಆ ಮೊದಲಿನವನು?" ಎಂದಳು ಅಜ್ಜಿ.

"ಹುಡುಕಿದೆ. ಕ್ರೋಂಪೇಟೆಯಲ್ಲಿ ಸಿಕ್ಕಿದ, ಚರ್ಮದ ಕಾರ್ಖಾನೆಯಲ್ಲಿ ತೊಗಲು ಹೊರ್ತಿದ್ದ. ಸುಣ್ಣದ ನೀರಿಗೆ ಕೈಯೆಲ್ಲ ಬಿರಿದು ಹೋಗಿತ್ತು. ತಪ್ಪಾಯ್ತು ಮಾರಾಯ, ಬೂಟ್ಸು ಅಂತ ನನಗೆ ಗೊತ್ತಾಗ್ಲಿಲ್ಲ ಅಂದೆ. ಅವ ಎಂತ ಹೇಳಿದ ಗೊತ್ತುಂಟಾ? 'ಎನಕ್ಕು ಅನ್ನಿಕ್ಕೇ ತೆರಿಯುಂ ಸಾರ್. ನೀಂಗ ಕೇಕ್ಕವೇ ಇಲ್ಲೆಯೇ.' ಅವನಿಗೆ ಅವತ್ತೇ ಗೊತ್ತಿತ್ತು ಅಮ್ಮ. ನಾನು ಕೇಳ್ಲೇ ಇಲ್ಲ. ವಾಪಸು ಬಾ ಅಂದೆ, ಬರ್ಲಿಲ್ಲ" ಎಂದರು. ಸೌಟು, ಕಾವಲಿ, ಅಜೀರ್ಣ ಎಂದು ಎಲ್ಲರನ್ನೂ ನಗಿಸುತ್ತಿದ್ದ ಮನುಷ್ಯ ಅದೊಂದನ್ನು ಹೊತ್ತುಕೊಂಡು ತಿರುಗುತ್ತಿದ್ದರು.

ಮನೆಗೆ ಬಂದಾಗ ಜಗುಲಿಯಲ್ಲಿ ಅಪ್ಪನ ಎದುರು ಮಂಡಿಯವರು ಬಂದು ಕೂತಿದ್ದರು. ಅಪ್ಪ ಎದ್ದು ನಿಂತು, "ಏನಪ್ಪಾ, ಏನು ತೊಂದರೆ?" ಎಂದರು.

"ಗಾಡಿ ಸರಿ ಉಂಟು. ತಂಗಿ ಓಡಿಸುದೂ ಸರಿ ಉಂಟು."

"ಎರಡೂ ಸರಿ ಇದ್ದರೆ ತಪ್ಪು ಯಾರದು? ಅದನ್ನ ಹೇಳು."

ಅವರು ಕೈಯೊರೆಸುವ ಬಟ್ಟೆ ತೆಗೆದು, ಅವತ್ತು ಒಂದು ತೊಟ್ಟು ಎಣ್ಣೆಯೂ ತಾಗದ ಕೈಯನ್ನು ಒರೆಸುತ್ತಾ ನಿಂತರು. ನನ್ನ ನಾಲಿಗೆಯ ತುದಿಯಲ್ಲಿ ಇತ್ತು. ಅಷ್ಟರಲ್ಲಿ ಅಜ್ಜಿ, ಎರಡೂ ಧಾಬಳಿಗಳನ್ನು ತೋಳಿನ ಮೇಲೆ ಹಾಕಿಕೊಂಡು, ಹೊರಗಿನವರ ಎದುರು ಮಗನಿಗೆ ಎಂದೂ ಒಂದು ಮಾತು ಹೇಳದವಳು, ಜಗುಲಿಯ ಕೆಳಗೆ ನಿಂತು ಹೇಳಿದಳು. "ನಂದು ಕಣೋ ತಪ್ಪು. ನಾನು ಅವಳ ಕಾಲಡಿ ಈ ಧಾಬಳಿ ತುರುಕಿ ಗಾಡೀನ ಒತ್ತೋದಕ್ಕೇ ಬಿಡಲಿಲ್ಲ. ಮಗು ಮೇಲೆ ಒಂದು ಮಾತು ಆಡಬೇಡ ಇನ್ನು."

ಅಪ್ಪ ಒಮ್ಮೆ ಧಾಬಳಿ ನೋಡಿದರು, ಒಮ್ಮೆ ತಾಯಿಯನ್ನು ನೋಡಿದರು. ಮಂಡಿಯವರು ನಗು ತಡೆಯಲು ಕೆಮ್ಮಿದರು. ಅಪ್ಪನಿಗೆ ಏನು ಮಾಡಬೇಕೋ ತೋಚಲಿಲ್ಲ. ಬಂದವರಿಗೆ ಮಾತು ಕೊಟ್ಟಾಗಿದೆ, ಕೋರ್ಟು ಬಿಡುತ್ತೇನೆಂದು ನಾಲ್ಕು ಜನರಿಗೆ ಹೇಳಿಯಾಗಿದೆ. ಕೊನೆಗೆ ಇವರ ಕಡೆ ತಿರುಗಿ, "ಈಗ ಏನು ಮಾಡಲಪ್ಪಾ? ಗಾಡಿ ಇಟ್ಟುಕೊಳ್ಳಲಾ, ಕೊಟ್ಟುಬಿಡಲಾ?" ಎಂದು ಕೇಳಿದರು.

"ನನ್ನನ್ನೆಂತ ಕೇಳ್ತೀರಿ ವಕೀಲ್ರೇ?" ಎಂದರು ಅವರು. "ಓಡಿಸುವವ್ರನ್ನು ಕೇಳಿ."

ಅಪ್ಪ ಕನ್ನಡಕ ಸರಿಮಾಡಿಕೊಂಡರು. ಆ ಪೊರೆ ಬಂದ ಕಣ್ಣಿಗೆ ನಾನು ಎಷ್ಟು ಕಂಡೆನೋ, ಕಾಣೆ. ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಹೇಳಿದ್ದಿತ್ತು, ಕಲಿಸಿದ್ದಿತ್ತು, ಬೈದದ್ದಿತ್ತು. ಕೇಳಿದ್ದಿರಲಿಲ್ಲ.

"ನೀನು ಏನು ಹೇಳ್ತೀಯಮ್ಮ?" ಎಂದರು.

"ಇಟ್ಕೊಳ್ಳೋಣಪ್ಪ," ಎಂದೆ. "ಸೋಮವಾರ ಹತ್ತೂವರೆಗೆ ನನಗೆ ಕ್ಲಾಸಿದೆ."